ಒದ್ದೆ ಬಟ್ಟೆಯ ಕೆಳಗಿನ ಕಣ್ಣು

ಅಕ್ಕನ ಹರಿಗೋಲು ನಡುಹೊಳೆಯಲ್ಲಿ ಮಗುಚಬಹುದಿತ್ತು. ಕಂಪ್ಲಿಯ ಅವಳ ಮನೆಯ ಜಂತಿಯಿಂದ ಚೇಳು ಬೀಳಬಹುದಿತ್ತು. ಮಾವನ ಗಂಟಲಿಗೆ ಗಂಜಿ ಸಿಕ್ಕಿಕೊಳ್ಳಬಹುದಿತ್ತು. ಅವರ ಮೂಗಿನೊಳಗೆ ಇರುವೆ ಹೊಕ್ಕರೂ ಅವರು ಕೂಗುವಂತಿರಲಿಲ್ಲ. ಹೊಸಪೇಟೆಯಿಂದ ಎತ್ತಿನ ಗಾಡಿಯಲ್ಲಿ ಬರುವಾಗಲೇ ಇಷ್ಟನ್ನೂ ಚಿಂತಿಸಿ ಮುಗಿಸಿದ್ದೆ.

ಮಾವ ಎಂದರೆ ಅಕ್ಕನ ಗಂಡ. ಮದ್ರಾಸಿನ ಡಾಕ್ಟರಿಗೂ ಬಗ್ಗದ ನರದ ರೋಗ ಅವರ ಮೈಯನ್ನೆಲ್ಲ ಕಲ್ಲು ಮಾಡಿ, ಕಣ್ಣುಗುಡ್ಡೆಗಳನ್ನಷ್ಟೇ ಬಿಟ್ಟಿತ್ತು. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಅಲ್ಲ. ರೆಪ್ಪೆ ಮುಚ್ಚುತ್ತಿರಲಿಲ್ಲವಾದ್ದರಿಂದ ನಿದ್ದೆಯಲ್ಲೂ ಕಣ್ಣು ತೆರೆದೇ ಇರುತ್ತಿತ್ತು.

"ಭಾಳ ದಿನ ಆತು, ಅವ್ರಿಗೆ ನಿದ್ದಿ ಇಲ್ಲ. ಅವರ ಮುದ್ದಿನ ಎತ್ತಿಗೆ ಬೈದು ನೋಡು, ಎಚ್ಚರ ಇದ್ರ ಸಿಟ್ಟಿಗೇಳ್ತಾರ. ಕಣ್ಣು ಅಲುಗಲಿಲ್ಲಂದ್ರ ಮಲಗ್ಯಾರ ಅಂತ ತಿಳಿ. ಕಣ್ಣು ಒಣಗಬಾರ್ದು, ಒದ್ದಿ ಬಟ್ಟಿ ಹಾಕು. ಎಬ್ಬಿಸಬ್ಯಾಡ ಲೇ!" ಎಂದು ಹೇಳಿ ಅಕ್ಕ ಔಷಧಿಗಾಗಿ ಹೊಳೆಯಾಚೆ ನಿಜಾಮನ ಸೀಮೆಗೆ ಹೋದಳು.

ಮಧ್ಯಾಹ್ನ ಎತ್ತನ್ನು ಬಾಯ್ತುಂಬ ಬೈದೆ. ಕಣ್ಣು ಅಲುಗಲಿಲ್ಲ. ಬಟ್ಟೆ ಹೊದಿಸಿದೆ.

ಸ್ವಲ್ಪ ಹೊತ್ತಿಗೆ ಬಟ್ಟೆಯ ಕೆಳಗೆ ಗುಡ್ಡೆಗಳು ಚಲಿಸತೊಡಗಿದವು. ಮೇಲೆ, ಮೇಲೆ, ಕೆಳಗೆ, ಮತ್ತೆ ಮೇಲೆ. ನಡುನಡುವೆ, ಯಾರದೋ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವವರಂತೆ, ಒಂದಿಷ್ಟು ಬಿಡುವು. ಮನೆಯಲ್ಲಿದ್ದವನು ನಾನೊಬ್ಬನೇ. ನಾನೇನೂ ಕೇಳಿರಲಿಲ್ಲ.

ತಡೆಯಲಾರದೆ ಬಟ್ಟೆ ಎತ್ತಿದೆ. ಕಣ್ಣುಗಳು ನನ್ನ ಮೇಲೆ ಬಂದು ನಿಂತವು.

"ಯಾರ ಕೂಡ ಮಾತಾಡ್ತಿದ್ರಿ ಮಾವ?" ಎಂದೆ. ಹೌದು-ಅಲ್ಲಗಳಲ್ಲಿ ಉತ್ತರಿಸಲಾಗದ ಪ್ರಶ್ನೆ. ಗಾಬರಿಯಲ್ಲಿ ಬೇರೆ ಹೊಳೆಯಲಿಲ್ಲ.

ಸಂಜೆ ಅಕ್ಕ ಕ್ಷೇಮವಾಗಿ ಬಂದಳು. "ನಿದ್ದಿ ಪೂರಾ ಆತೇನ್ರಿ?" ಎಂದು ಗಂಡನನ್ನು ಕೇಳಿದಳು.

ಕಣ್ಣು ಕೆಳಗಿಳಿಯಿತು.

"ಈ ಅಂಜುಬುರುಕ ಎಬ್ಬಿಸಿದ್ನೇನ್ರಿ?"

ಕಣ್ಣು ಮೇಲೇರಿತು.