ಹಾಲು ಹಾಕದ ಚಹಾ

ಮೊನ್ನೆ ಭಾನುವಾರ, ಬೆಳಿಗ್ಗೆ ಆರೂವರೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಹಾಲಿನವನು ಬಂದಿರಲಿಲ್ಲ. ಹೆಂಡತಿ ಹಾಲಿನ ಪುಡಿಯ ಡಬ್ಬಿ ತೆರೆದಳು. ಆ ಸಿಹಿ ವಾಸನೆ ಬಂದದ್ದೇ ತಡ, ನೆರೂಳದ ಕ್ಯಾಂಟೀನಿನ ಅಣ್ಣ ನೆನಪಾದರು...

ಎರಡು ಸಾವಿರದ ದಶಕದ ಕೊನೆಯ ಮಾತು. ಅಲ್ಲಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ತಂತ್ರಜ್ಞ. ಕೆಳಗಿನ ಕ್ಯಾಂಟೀನು ಅವರದು. ಅವರು ಉಡುಪಿ ಕಡೆಯವರು, ನಾನು ಧಾರವಾಡದ ಕಡೆಯವನು. ದಿನಾ ಹತ್ತೂಕಾಲಿಗೆ ನನ್ನ ಚಹಾ ಮೇಜಿನ ಮೇಲಿರುತ್ತಿತ್ತು; ಅಷ್ಟರಮಟ್ಟಿಗೆ ಅವರ ಬಗ್ಗೆ ನನಗೆ ಗೌರವವಿತ್ತು.

ಜೀವಕೋಶದ ಪ್ರೋಟೀನುಗಳನ್ನು ತೆಳು ಪೊರೆಯ ಮೇಲೆ ಇಳಿಸಿ, ಬೇಕಾದ ಒಂದನ್ನು ಆಂಟಿಬಾಡಿಯಿಂದ ಹುಡುಕುವುದು ನಮ್ಮ ಕೆಲಸ. ಆಂಟಿಬಾಡಿ ಕೂತ ಕಡೆ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆದರೆ ಆಂಟಿಬಾಡಿ ಖಾಲಿ ಜಾಗ ಕಂಡರೂ ಕೂತುಬಿಡುತ್ತದೆ, ಲೋಕಲ್ ರೈಲಿನಲ್ಲಿ ಸೀಟು ಕಂಡವರ ಹಾಗೆ. ಅದಕ್ಕಾಗಿ ಪೊರೆಯನ್ನು ಮೊದಲು ಹಾಲಿನ ಪುಡಿ ಕಲಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಖಾಲಿ ಜಾಗವನ್ನೆಲ್ಲ ಹಾಲಿನಿಂದ ತುಂಬಿಸುತ್ತಿದ್ದೆ. ಗಡಿಯಾರ ನೋಡಿ, ವಹಿಯಲ್ಲಿ ಬರೆದು, ಹದಿನೆಂಟು ವರ್ಷ ಹಾಗೇ ಮಾಡಿದ್ದೆ.

ಆ ವಾರ, ಪಿಎಚ್‌ಡಿ ಮಾಡುತ್ತಿದ್ದ ಠಾಣೆಯ ಹುಡುಗಿಗೆ ಹೊಸ ಆಂಟಿಬಾಡಿ ಬಂತು. ಟೈರೋಸಿನ್ ಕೈನೇಸ್ ಎಂಬ ಪ್ರೋಟೀನು ಜೀವಕೋಶದ ಸ್ವಿಚ್ಚಿದ್ದಂತೆ. ಚಾಲೂ ಆದಾಗ ಅದರ ಮೈಮೇಲೆ ಫಾಸ್ಫೇಟಿನ ಗುರುತು ಬೀಳುತ್ತದೆ. ಈ ಆಂಟಿಬಾಡಿ ಆ ಗುರುತನ್ನು ಹಿಡಿಯುವಂಥದ್ದು. ಶುಕ್ರವಾರದೊಳಗೆ ಫಿಲ್ಮಿನ ಮೇಲೆ ಒಂದು ಸ್ಪಷ್ಟ ಗೆರೆ ತೋರಿಸದಿದ್ದರೆ ಫೆಲೋಶಿಪ್ ಮುಂದುವರಿಯದು ಎಂದು ಗೈಡ್ ಅವಳಿಗೆ ಹೇಳಿದ್ದರು. ನಮ್ಮ ಹಾಲಿನ ಪುಡಿ ಮುಗಿದಿತ್ತು. ಕ್ಯಾಂಟೀನಿನ ಅಣ್ಣ ಒಂದು ಪೊಟ್ಟಣ ಕೊಟ್ಟರು.

ಮಂಗಳವಾರ ಫಿಲ್ಮ್ ತೊಳೆದರೆ ಪೂರ್ತಿ ಕಪ್ಪು. ಬುಧವಾರವೂ ಅದೇ. "ಕಾಕಾ, ಸಗಳಂ ಕಾಳಂ" ಎಂದು, ಎಲ್ಲಾ ಕಪ್ಪು ಎಂದು, ಮರಾಠಿಯಲ್ಲಿ ಹೇಳಿ ಹುಡುಗಿ ಕುರ್ಚಿಯಲ್ಲಿ ಕುಸಿದಳು. ನನ್ನ ಕ್ರಮದಲ್ಲಿ ತಪ್ಪಿರಲು ಸಾಧ್ಯವೇ ಇರಲಿಲ್ಲ. ಅಂದಮೇಲೆ ತಪ್ಪು ಹಾಲಿನದು. ಕೆಳಗಿಳಿದು, ಗಿರಾಕಿಗಳ ಎದುರೇ ಹೇಳಿದೆ: "ನಿಮ್ಮ ಹಾಲಿನ ಪುಡ್ಯಾಗ ಏನೋ ಕಲಬೆರಕಿ ಅದರೀ."

ಅವರು ಸೌಟು ಕೆಳಗಿಟ್ಟರು. ಅದೇ ಪುಡಿಯ ಇನ್ನೊಂದು ಪೊಟ್ಟಣ ಹಿಡಿದು ನನ್ನ ಹಿಂದೆಯೇ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ಚಪ್ಪಲಿ ಕಳಚಿದರು. ಪ್ರಯೋಗಾಲಯದಲ್ಲಿ ಬರಿಗಾಲು ನಿಷಿದ್ಧವೆಂದು ಅಷ್ಟು ಜಗಳದ ನಡುವೆಯೂ ನಾನು ಮತ್ತೆ ಹಾಕಿಸಿದೆ. ಪೊಟ್ಟಣದ ಮೇಲಿನ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿ ಮುಗಿಸಿ, ಇನ್ನು ನಿಮ್ಮದು ತೋರಿಸಿ ಎಂದರು.

ನನ್ನದು ಎಂದರೆ ಆಂಟಿಬಾಡಿಯ ಜೊತೆ ಬಂದಿದ್ದ ಚೀಟಿ. ಅದಕ್ಕೆ ದಿನಾಂಕ ಹಾಕಿದ್ದೆ, ನಾಲ್ಕು ಮಡಿಕೆ ಮಡಚಿದ್ದೆ, ಫೈಲಿಗೆ ಸೇರಿಸಿದ್ದೆ. ಓದಿರಲಿಲ್ಲ... ಅವರು ಹಣೆಯ ಮೇಲಿನ ಕನ್ನಡಕ ಇಳಿಸಿ, ಸಣ್ಣ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋಗಿ, ಒಂದು ಸಾಲಿಗೆ ನಿಂತರು.

"ಮಾರಾಯ್ರೆ, ಹಾಲು ಹಾಕಬೇಡಿ ಅಂತ ಇಲ್ಲೇ ಉಂಟಲ್ಲ."

ಇತ್ತು. ಹಾಲಿನ ಪ್ರೋಟೀನಿಗೂ ಫಾಸ್ಫೇಟಿನ ಗುರುತಿದೆ. ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅದಕ್ಕೇ ಅಂಟಿತ್ತು. ಹಾಲಿನ ಬದಲು ಬಳಸಬೇಕಾದ, ಆ ಗುರುತಿಲ್ಲದ ಆಲ್ಬುಮಿನ್ ಎಂಬ ಪ್ರೋಟೀನು ನಮ್ಮ ಫ್ರಿಜ್ಜಿನಲ್ಲೇ, ನಾನೇ ಹೆಸರಿನ ಚೀಟಿ ಅಂಟಿಸಿದ ಡಬ್ಬಿಯಲ್ಲಿತ್ತು.

ಗುರುವಾರ ಅದನ್ನು ಹಾಕಿದೆವು. ಶುಕ್ರವಾರ ಬೆಳಿಗ್ಗೆ ಫಿಲ್ಮಿನ ಮೇಲೆ ಒಂದೇ ಒಂದು ಗೆರೆ, ಇರಬೇಕಾದ ಜಾಗದಲ್ಲೇ. ಹುಡುಗಿ ಅದನ್ನು ಹಿಡಿದು ಗೈಡ್ ಹತ್ತಿರ ಹೋಗುವ ಮೊದಲು ಕ್ಯಾಂಟೀನಿಗೆ ಓಡಿದಳು. ಹಿಂದೆಯೇ ಹೋಗಿ, ಗಿರಾಕಿಗಳ ಎದುರೇ ನಾನು ತಪ್ಪಾಯಿತು ಎಂದೆ. ಅಣ್ಣ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು.

"ಇಷ್ಟೇಯಾ? ಇಷ್ಟಕ್ಕೆ ನನ್ನ ಮಾನ ತೆಗೆದದ್ದಾ?"

ಸೋಮವಾರ ಹತ್ತೂಕಾಲಿಗೆ ಸರಿಯಾಗಿ ಕಪ್ಪು ಚಹಾ ಬಂತು. ನಿಮಗೆ ಹಾಲು ಆಗುವುದಿಲ್ಲವಲ್ಲ ಎಂದರು ಅಣ್ಣ. ತಿಂಗಳಾದ ಮೇಲೆ ಅವರಾಗಿಯೇ ಹಾಲು ಹಾಕಿ ಕಳಿಸಿದಾಗ ನಾನೇ ಹಿಂದಿರುಗಿಸಿದೆ, ನಾಲಗೆಗೆ ಅಭ್ಯಾಸವಾಗಿಬಿಟ್ಟಿತ್ತು.

ನಾನು ನಿವೃತ್ತನಾದ ಮರುವರ್ಷ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನಗಳ ನಂತರ, ಆ ಹುಡುಗಿಯ ಫೋನಿನಿಂದ... ಎಲ್ಲಕ್ಕೂ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ ನಾನು ಅವರ ಅಂತ್ಯಕ್ರಿಯೆಯೊಂದಕ್ಕೆ ಹೋಗಲಾಗಲಿಲ್ಲ.

ಹೆಂಡತಿಗೆ ನನಗೆ ಹಾಲು ಬೇಡವೆಂದೆ. ಇಷ್ಟು ವರ್ಷವಾದರೂ ಕೇಳುವುದು ಅವಳ ಅಭ್ಯಾಸ. ಚಹಾ ಕುಡಿದು, ಲೋಟ ತೊಳೆದು ಬೋರಲು ಹಾಕಿದೆ. ಆಮೇಲೆ ಕನ್ನಡಕ ಹಾಕಿಕೊಂಡು, ಹಾಲಿನ ಪುಡಿಯ ಡಬ್ಬಿಯ ಮೇಲಿನ ಬರಹವನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿ, ಮುಚ್ಚಳ ಬಿಗಿದು, ಶೆಲ್ಫಿನಲ್ಲಿಟ್ಟೆ.