ಹೆತ್ತೆಯ ಬಿಳಿ ಮುಂಡಿನ ಫೋಟೊ

ಬಾಕ್ಸಿನ ಮೇಲೆ ದಪ್ಪಕ್ಷರದಲ್ಲಿದ್ದ ಮೆಗಾಪಿಕ್ಸೆಲ್ ನೋಡಿ ಮರುಳಾಗಿ, ಅಂಗೈಯಲ್ಲಿ ಅಡಗುವ ಕ್ಯಾಮೆರಾ ಕೊಂಡೆ. ಊಟಿ ಬಳಿಯ ನಮ್ಮೂರು ಕೆತ್ತಿಯಲ್ಲಿ, ಮನೆಯ ಅಂಗಳದಲ್ಲಿ, ಬೆಳಗಿನ ಬಿಸಿಲಲ್ಲಿ ಮೊದಲು ತೆಗೆದದ್ದು ಹೆತ್ತೆಯ ಫೋಟೊ. ಬಡಗರ ಮನೆಗಳಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತೇವೆ. ಅಜ್ಜಿಯರ ಉಡುಪೆಲ್ಲ ಬಿಳಿ: ಮೈಗೆ ಸುತ್ತಿ ಉಡುವ ಮುಂಡು, ಹೊದಿಕೆ, ತಲೆಯ ವಸ್ತ್ರ ಕೂಡ. ಫೋಟೊದಲ್ಲಿ ಅವೆಲ್ಲ ಒಂದೇ ಬಿಳುಪಾಗಿ ಕರಗಿ, ಮುಖವೊಂದೇ ತೇಲುತ್ತಿತ್ತು.

“ಎನ್ನ ಒಡಲು ಎಲ್ಲಿ?” ಎಂದಳು ಹೆತ್ತೆ.

ಊಟಿಯ ಅಂಗಡಿಯವನ ಜತೆ ಜಗಳಕ್ಕೆ ಹೋದಾಗ ಗೊತ್ತಾಯಿತು, ತಪ್ಪು ಒಳಗಿನ ಸೆನ್ಸರಿನದು. ಉಗುರಿನಷ್ಟು ಜಾಗದಲ್ಲಿ ಅಷ್ಟೊಂದು ಪಿಕ್ಸೆಲ್ ತುರುಕಿದರೆ, ಬೆಳಕು ಹಿಡಿಯಲು ಒಂದೊಂದಕ್ಕೂ ಸಿಗುವುದು ಪುಟ್ಟ ಚೀಲ. ಟೀ ತೋಟದಲ್ಲಿ ಚೀಲ ತುಂಬಿದ ಮೇಲೆ ಕಿತ್ತ ಎಲೆ ನೆಲಕ್ಕೆ ಬೀಳುವಂತೆ, ಮಿಕ್ಕ ಬೆಳಕೆಲ್ಲ ದಂಡ. ತುಂಬಿದ ಚೀಲವೆಲ್ಲ ಫೋಟೊದಲ್ಲಿ ಬರೀ ಬಿಳಿ; ನೆರಿಗೆಯೂ ಬಿಳಿ, ಅಂಚೂ ಬಿಳಿ.

ಹಟಕ್ಕೆ ಬಿದ್ದು, ಅಷ್ಟೇ ಚಿಕ್ಕದಾದರೂ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾವನ್ನು ಗೆಳೆಯನಿಂದ ತಂದೆ. ಅದೇ ಅಂಗಳ, ಅಂಥದೇ ಬಿಸಿಲು. ಈ ಸಲ ಮುಂಡಿನ ಒಂದೊಂದು ನೆರಿಗೆಯೂ ಎದ್ದು ಕಾಣುತ್ತಿತ್ತು. ಎರಡೂ ಫೋಟೊ ಅಚ್ಚು ಹಾಕಿಸಿ ಹೆಮ್ಮೆಯಿಂದ ಮುಂದಿಟ್ಟೆ.

ಹೆತ್ತೆ ಹೊಸದನ್ನು ಕಣ್ಣಿನ ಹತ್ತಿರ ಹಿಡಿದು, ಮಡಿಲಿನ ಬಳಿ ಬೆರಳಿಟ್ಟಳು. ಫೋಟೊ ತೆಗೆದ ದಿನ ಬೆಳಿಗ್ಗೆ ಚೆಲ್ಲಿಕೊಂಡ ಟೀ ಕಲೆ ಅಲ್ಲಿ ಅಚ್ಚುಕಟ್ಟಾಗಿ ಮೂಡಿತ್ತು.

“ಇದು ಬೇಡ, ಗೋಡೆಗೆ ಹಳೇದನ್ನೇ ಹಾಕು” ಎಂದಳು. “ಅದರಲ್ಲಿ ಎನ್ನ ಮುಂಡು ಎಷ್ಟು ಬೆಳ್ಳಗಿದೆ ನೋಡು!”