ಐದು ಡಜನ್ ಕೆಂಪು ಬಾಳೆಹಣ್ಣು

ಇಲ್ರೀ, ನಾ ಕಾಲೇಜ್ ಬಿಟ್ಟಿದ್ದಕ್ಕೂ ಈ ಬಾಳೆಹಣ್ಣಿನ ಫಜೀತಿಗೂ ಸಂಬಂಧ ಇಲ್ಲ. ಮಂದಿ ಏನೇ ಟೈಪ್ ಮಾಡ್ಲಿ, ಅದರಾಗಿನ ಅಂಕಿ ಹಿಡ್ಕೊಂಡು ಕಂಪ್ಯೂಟರೇ ಹೊಂದಿಸ್ಕೋಬೇಕು ಅನ್ನೋದು ನನ್ನ ವಾದ. ಸ್ಟ್ರಿಕ್ಟ್ ಇರಬೇಕು, ಅಂಕಿ ಜೋಡಿ ಒಂದಕ್ಷರ ಬಂದ್ರೂ ವಾಪಸ್ ಕಳಿಸ್ಬೇಕು ಅಂತ ನನ್ನ ಜೋಡಿ ಪ್ರೋಗ್ರಾಮ್ ಬರಿಯೋ ಪಾರ್ಟ್ನರ್ ಸಮೀನಾಳ ವಾದ. ಜಗತ್ ಏರಿಯಾದಾಗಿನ ನಮ್ಮ ಆಫೀಸ್ ರೂಮಿನಾಗ ದಿನಾ ಇದೇ ಜಗಳ. ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಶರಣಪ್ಪ ಕಾಕಾರ ಆರ್ಡರ್ ಪ್ರೋಗ್ರಾಮಿನಾಗ ನನ್ನ ಮಾತೇ ನಡೀತು.

ಮರುವಾರ ಕಾಕಾ ಬಂದ್ರು. "ತಮ್ಮಾ, ತೊಟ್ಟಿಲ ಕಾರ್ಯಕ್ಕ ಗಿರಾಕಿ '5 ಡಜನ್' ಅಂತ ಬರ್ದಾನ. ನಿನ್ನ ಕಂಪ್ಯೂಟರ್ ಬರೇ ಐದು ಅಂತು, ನಮ್ಮೋರು ಐದೇ ಹಣ್ಣು ಕಳಿಸ್ಯಾರ!"

"ಹೊಂದಿಸ್ಕೊಂಡದ ಕಾಕಾ," ಅಂದೆ.

ಸಮೀನಾ ನಕ್ಕೋತ ತನ್ನ ರೂಲ್ ಹಾಕಿದ್ಳು. ಕಾಕಾ ತಾವೇ '5 ಡಜನ್' ಒತ್ತಿ ನೋಡಿದ್ರು. "ಎಷ್ಟು ಹಣ್ಣು? ಬರೇ ಅಂಕಿ ಹಾಕ್ರಿ" ಅಂತ ಸ್ಕ್ರೀನ್ ಮ್ಯಾಲ ಕೆಂಪಗ ಬಂತು.

"ನೋಡ್ರಿ, ನಿಮಗೇ ಬೈತದ!" ಅಂದೆ ನಾ.

"ಬೈಲಿ ಬಿಡು. ಇದು ಬೈದಿದ್ದು ನನಗೊಬ್ಬನಿಗೇ ಕೇಳ್ತದ. ನಿಂದು ಮಾಡಿದ್ದು ಇಡೀ ಕಮಲಾಪುರಕ್ಕ ಗೊತ್ತಾಗ್ಯಾದ," ಅಂದು ಕಾಕಾ ಹೊರಗ ಹೋಗಿ ಬಾಗ್ಲಾ ಎಳ್ಕೊಂಡ್ರು.